20 ಸಾವಿರದೊಳಗೆ ಪ್ರೀ ಮತ್ತು ಪವರ್ ಆಂಪ್: ಅಪ್ಪನ ಎಲ್‌ಪಿ ಪ್ಲೇಟುಗಳಿಗೆ ಯಾವುದು ತಗೊಳ್ಳಲಿ?

ಕ್ಯಾತ್ಸಂದ್ರ ಕೇಳುಗ | ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ತುಮಕೂರಿನ ಕ್ಯಾತ್ಸಂದ್ರದವನು ನಾನು. ನಮ್ಮಪ್ಪ ತೀರಿಕೊಂಡು ಎರಡು ವರ್ಷ ಆಯ್ತು. ಅವರು ಕೂಡಿಟ್ಟಿದ್ದ ನೂರಾ ಹತ್ತು ಪ್ಲೇಟುಗಳು ಅಟ್ಟದ ಮೇಲಿದ್ದವು. ಹೋದ ತಿಂಗಳು ಕೆಳಗಿಳಿಸಿ, ಒರೆಸಿ, ಜೋಡಿಸಿಟ್ಟೆ. ಭೀಮಸೇನ ಜೋಶಿ, ದೊರೆಸ್ವಾಮಿ ಅಯ್ಯಂಗಾರರ ವೀಣೆ, ಪಿ.ಬಿ. ಶ್ರೀನಿವಾಸ್ ಮತ್ತು ಎಸ್. ಜಾನಕಿ ಹಾಡಿದ ಸಿನಿಮಾ ಹಾಡುಗಳು, ಜೊತೆಗೆ ನಾಲ್ಕು ಹಳೇ 78ರ (ನಿಮಿಷಕ್ಕೆ 78 ಸುತ್ತು ತಿರುಗೋ) ಪ್ಲೇಟುಗಳು. ರೇಡಿಯೋ, ಪ್ಲೇಟು ಎರಡನ್ನೂ ನುಡಿಸ್ತಿದ್ದ ಅಪ್ಪನ ರೇಡಿಯೋಗ್ರಾಂ ಯಾವತ್ತೋ ಕೆಟ್ಟು ಹೋಗಿ ಬರೀ ಮರದ ಪೆಟ್ಟಿಗೆ ಉಳಿದಿದೆ. ನಮ್ಮ ಭಾವ ತಮ್ಮ ಹತ್ರ ಸುಮ್ನೆ ಬಿದ್ದಿದ್ದ ಟರ್ನ್‌ಟೇಬಲ್ ಕೊಟ್ಟಿದ್ದಾರೆ. ಸ್ನೇಹಿತನಿಂದ ಒಂದು ಜೊತೆ ಪುಟ್ಟ ಬಾಕ್ಸ್ ಸ್ಪೀಕರ್ ತಗೊಂಡಿದ್ದೀನಿ.

ಈಗ ಆಂಪ್ಲಿಫೈಯರ್ ಬೇಕು. ಅಂಗಡಿಯವರೊಬ್ಬರು "ಒಳ್ಳೇ ಸೌಂಡ್ ಬೇಕಂದ್ರೆ ಪ್ರೀ ಬೇರೆ, ಪವರ್ ಬೇರೆ ತಗೊಳ್ಳಿ, ಒಂದೇ ಡಬ್ಬದಲ್ಲಿ ಎರಡೂ ಇರೋದು ಚೆನ್ನಾಗಿರಲ್ಲ" ಅಂದ್ರು. ಅವರು ಕೊಟ್ಟ ಲೆಕ್ಕ 38 ಸಾವಿರ. ನನ್ನ ಹತ್ರ ಇರೋದು 20 ಸಾವಿರ, ಅದೂ ಎಳೆದಾಡಿ. ಪ್ರೀ ಅಂದ್ರೆ ನಿಜವಾಗಿ ಏನು ಮಾಡುತ್ತೆ? ಬೇರೆಯಾಗಿ ತಗೊಳ್ಳಲೇಬೇಕಾ?

ಗುಬ್ಬಿ ಹುಡುಗ | ಶನಿವಾರ ರಾತ್ರಿ

ಅಣ್ಣ, ಟಿಪಿಎ3255 ಚಿಪ್ಪಿನ ಪುಟ್ಟ ಕ್ಲಾಸ್ ಡಿ ಆಂಪ್ (ಬಲು ಬೇಗ ಆನ್ ಆಫ್ ಆಗ್ತಾ ಹಿಗ್ಗಿಸೋ ಬಗೆ) ತಗೊಳ್ಳಿ, ಕಣ್ಣು ಮುಚ್ಕೊಂಡು. ಫೋಸಿ, ಐಯೀಮಾ ಯಾವ ಕಂಪನಿಯದಾದ್ರೂ ಆಗುತ್ತೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಬಿಸಿಯಾಗಲ್ಲ. ನಾನು ಹಾಸ್ಟೆಲ್ಲಿನಲ್ಲಿ ಎರಡು ವರ್ಷದಿಂದ ಬಳಸ್ತಿದ್ದೀನಿ.

ಕೋಲಾರ ರೇಡಿಯೋ ರಿಪೇರಿ | ಭಾನುವಾರ ಬೆಳಿಗ್ಗೆ

ಕ್ಯಾತ್ಸಂದ್ರದವರೇ, ಕಣ್ಣು ಮುಚ್ಕೊಂಡು ಏನೂ ತಗೋಬೇಡಿ. ಮೊದಲು ನಾಲ್ಕು ವಿಷಯ ಹೇಳಿ. ಟರ್ನ್‌ಟೇಬಲ್ಲಿನ ಕಾರ್ಟ್ರಿಜ್ (ಸೂಜಿ ಕೂರೋ ತಲೆ) ಎಂಎಂ, ಅಂದ್ರೆ ಸೂಜಿಯ ಜೊತೆ ಪುಟ್ಟ ಆಯಸ್ಕಾಂತ ಅಲ್ಲಾಡೋ ಬಗೆಯದಾ? ಸ್ಪೀಕರ್ ಹಿಂದಿನ ಚೀಟಿಯಲ್ಲಿ ಎಷ್ಟು ಓಮ್, ಎಷ್ಟು ಡೆಸಿಬೆಲ್ ಅಂತ ಬರೆದಿದೆ? ಕೋಣೆ ಎಷ್ಟು ಅಡಿ? ಪ್ಲೇಟು ಬಿಟ್ಟು ಬೇರೆ ಏನು ಹಾಕ್ತೀರಿ? ಇದು ಗೊತ್ತಾಗದೆ ಯಾರು ಏನು ಹೇಳಿದ್ರೂ ಅದು ಅಂದಾಜೇ.

ಕ್ಯಾತ್ಸಂದ್ರ ಕೇಳುಗ | ಭಾನುವಾರ ಮಧ್ಯಾಹ್ನ

ಸರ್, ಟಾರ್ಚ್ ಹಿಡ್ಕೊಂಡು ಎಲ್ಲಾ ಓದಿ ಬಂದೆ. ಕಾರ್ಟ್ರಿಜ್ ಎಂಎಂ, ಭಾವನನ್ನೂ ಕೇಳಿ ಖಾತ್ರಿ ಮಾಡ್ಕೊಂಡೆ. ಸ್ಪೀಕರ್ 6 ಓಮ್, 86 ಡೆಸಿಬೆಲ್. ಕೋಣೆ 12 ಅಡಿಗೆ 14. ಕೂರೋ ಜಾಗಕ್ಕೂ ಸ್ಪೀಕರಿಗೂ ಎಂಟು ಅಡಿ ಇರಬಹುದು. ಪ್ಲೇಟು ಬಿಟ್ರೆ ಟಿವಿ, ಮತ್ತೆ ಫೋನಿನಿಂದ ಒಂದು ಸಣ್ಣ ಡ್ಯಾಕ್ (ಡಿಜಿಟಲ್ ಹಾಡನ್ನ ಆಂಪಿಗೆ ಬೇಕಾದ ಸಿಗ್ನಲ್ ಮಾಡೋ ಡಬ್ಬ) ಮೂಲಕ ಹಾಡು. ಜೋರಾಗಿ ಹಾಕೋ ಅಭ್ಯಾಸ ಇಲ್ಲ, ಅಮ್ಮ ಪಕ್ಕದ ಕೋಣೆಯಲ್ಲಿ ಮಲಗ್ತಾರೆ.

ಕೋಲಾರ ರೇಡಿಯೋ ರಿಪೇರಿ | ಭಾನುವಾರ ರಾತ್ರಿ

ಈಗ ಮಾತಾಡಬಹುದು. ಸ್ವಲ್ಪ ಉದ್ದ ಆಗುತ್ತೆ, ನಿಧಾನಕ್ಕೆ ಓದಿ.

ಆಂಪ್ಲಿಫೈಯರ್ ಒಳಗೆ ಎರಡು ಕೆಲಸ ನಡೆಯುತ್ತೆ. ಮೊದಲನೆಯದು ಟಿವಿನಾ, ಪ್ಲೇಟಾ, ಫೋನಾ ಅಂತ ಆರಿಸೋದು, ವಾಲ್ಯೂಮ್ ಕಮ್ಮಿ ಜಾಸ್ತಿ ಮಾಡೋದು, ಬೇಕಿದ್ರೆ ವೋಲ್ಟೇಜನ್ನ ಸ್ವಲ್ಪ ಹಿಗ್ಗಿಸೋದು. ಅದು ಪ್ರೀ. ಎರಡನೆಯದು ಸ್ಪೀಕರ್ ಕಾಯಿಲನ್ನ ನೂಕೋಕೆ ಬೇಕಾದ ಕರೆಂಟ್ ಕೊಡೋದು. ಅದು ಪವರ್. ಎರಡೂ ಒಂದೇ ಡಬ್ಬದಲ್ಲಿದ್ರೆ ಇಂಟಿಗ್ರೇಟೆಡ್ ಅಂತಾರೆ. ಒಂದೇ ಡಬ್ಬದಲ್ಲಿದ್ರೆ ಕೆಟ್ಟದು ಅನ್ನೋದು ಸುಳ್ಳು. 1978ರಲ್ಲಿ ಬಂದ ಎನ್‌ಎಡಿ 3020 ಅನ್ನೋ ಸೆಟ್ ಕೈಗೆ ಸಿಕ್ಕಿದ್ರೆ ಹಿಂದೆ ತಿರುಗಿಸಿ ನೋಡಿ. ಪ್ರೀ ಔಟ್, ಮೇನ್ ಇನ್ ಅಂತ ತೂತುಗಳಿರ್ತವೆ, ಅವೆರಡನ್ನ ಸೇರಿಸೋ ಯು ಆಕಾರದ ಲೋಹದ ಕಡ್ಡಿ ಇರುತ್ತೆ. ಆ ಕಡ್ಡಿಯೇ ಪ್ರೀಗೂ ಪವರಿಗೂ ನಡುವಿನ ಸೇತುವೆ. ಅದು ಕಳೆದುಹೋಗಿ "ಸೌಂಡೇ ಬರ್ತಿಲ್ಲ" ಅಂತ ನನ್ನ ಟೇಬಲ್ಲಿಗೆ ಬಂದ ಸೆಟ್‌ಗಳಿವೆ. ಎರಡಿಂಚು ತಂತಿ ಹಾಕಿ ಕೊಟ್ಟು ಕಳಿಸಿದ್ದೀನಿ. ಚೀಟಿಯ ಮೇಲೆ ಬರೀ 20 ವ್ಯಾಟ್ ಬರೆದಿದ್ದ ಆ ಸೆಟ್ ಪ್ರಪಂಚದಾದ್ಯಂತ ಹೆಸರು ಮಾಡ್ತು, ಒಂದೇ ಡಬ್ಬದಲ್ಲೇ.

ಈಗ ಲೆಕ್ಕಕ್ಕೆ ಬನ್ನಿ. ಸಿ.ಡಿ. ಪ್ಲೇಯರ್, ಡ್ಯಾಕ್ ಇವೆಲ್ಲ ಹೆಚ್ಚು ಕಮ್ಮಿ 2 ವೋಲ್ಟ್ ಕೊಡ್ತವೆ. ಸಾಮಾನ್ಯವಾಗಿ ಪವರ್ ಆಂಪ್ ಒಳಗೆ ಬಂದದ್ದನ್ನ 20 ಪಟ್ಟು ಹಿಗ್ಗಿಸುತ್ತೆ. 2 ವೋಲ್ಟ್ 20 ಪಟ್ಟು ಅಂದ್ರೆ 40 ವೋಲ್ಟ್. ಎಂಟು ಓಮ್ ಸ್ಪೀಕರಿಗೆ 40 ವೋಲ್ಟ್ ಹೋದ್ರೆ 200 ವ್ಯಾಟ್ ಆಗುತ್ತೆ. 30 ವ್ಯಾಟಿನ ಆಂಪ್ ತುಂಬಿ ಹೋಗೋಕೆ ಮುಕ್ಕಾಲು ವೋಲ್ಟ್ ಸಾಕು. ಅಂದ್ರೆ ನಿಮ್ಮ ಡ್ಯಾಕ್ ಆಗಲೇ ಬೇಕಾದ್ದಕ್ಕಿಂತ ಎರಡೂವರೆ ಪಟ್ಟು ಜಾಸ್ತಿ ಕೊಡ್ತಿದೆ. ಅದರ ನಡುವೆ ಇನ್ನೊಂದು ಹಿಗ್ಗಿಸೋ ಪ್ರೀ ಇಟ್ಟು ಏನು ಮಾಡ್ತೀರಿ? ಕೊನೆಗೆ ವಾಲ್ಯೂಮ್ ತಿರುಗಿಸಿ ಕಮ್ಮಿ ಮಾಡೋದೇ ಕೆಲಸ. ನಾಬ್ ಹತ್ತು ಗಂಟೆಯ ಜಾಗಕ್ಕೆ ಬರೋಷ್ಟರಲ್ಲಿ ಜೋರಾಯ್ತು ಅಂದ್ರೆ "ಇನ್ನೂ ಎಷ್ಟೋ ಪವರ್ ಬಾಕಿ ಇದೆ" ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ, ಒಳಗೆ ಬರೋ ವೋಲ್ಟೇಜ್ ಜಾಸ್ತಿ ಇದೆ ಅಂತ ಅರ್ಥ. ಟಿವಿ, ಫೋನಿಗೆ ನಿಮಗೆ ಬೇಕಿರೋದು ಒಂದು ಸೆಲೆಕ್ಟರ್ ಸ್ವಿಚ್ಚು, ಒಂದು ವಾಲ್ಯೂಮ್ ಕಂಟ್ರೋಲು. ಅಷ್ಟೇ.

ಪ್ಲೇಟಿನ ವಿಷಯ ಪೂರಾ ಬೇರೆ. ಎಂಎಂ ಕಾರ್ಟ್ರಿಜ್ ಕೊಡೋದು 3ರಿಂದ 5 ಮಿಲಿವೋಲ್ಟ್. ಡ್ಯಾಕಿನ ಐನೂರರಲ್ಲಿ ಒಂದು ಪಾಲು ಅಂದ್ಕೊಳ್ಳಿ. ಇನ್ನೊಂದು, ಪ್ಲೇಟು ಕೊರೆಯುವಾಗ ಬೇಸನ್ನ ಬೇಕಂತಲೇ ತಗ್ಗಿಸಿ ಟ್ರೆಬಲ್ಲನ್ನ ಏರಿಸಿ ಕೊರೆದಿರ್ತಾರೆ. ಬೇಸ್ ಹಾಗೇ ಕೊರೆದ್ರೆ ಗೆರೆ ಅಗಲವಾಗಿ ಓಲಾಡಿ ಒಂದು ಬದಿಯಲ್ಲಿ ನಾಲ್ಕು ಹಾಡೂ ಹಿಡಿಸಲ್ಲ. ಟ್ರೆಬಲ್ ಏರಿಸದಿದ್ರೆ ಸೂಜಿಯ ಸರಸರ ಸದ್ದಿನಲ್ಲಿ ಮುಳುಗಿಹೋಗುತ್ತೆ. 20 ಹರ್ಟ್ಜ್‌ನಲ್ಲಿ ಸುಮಾರು 20 ಡೆಸಿಬೆಲ್ ತಗ್ಗು, 20 ಸಾವಿರ ಹರ್ಟ್ಜ್‌ನಲ್ಲಿ ಅಷ್ಟೇ ಏರು. ಇದಕ್ಕೆ ಆರ್‌ಐಎಎ ಕರ್ವ್ ಅಂತಾರೆ, 1954ರಲ್ಲಿ ಗೊತ್ತು ಮಾಡಿದ್ದು. ಪ್ಲೇಟು ನುಡಿಸುವಾಗ ಇದನ್ನ ತಿರುಗಾಮುರುಗಾ ಮಾಡಿ ಸಮ ಮಾಡ್ಬೇಕು, ಜೊತೆಗೆ ನೂರು ಪಟ್ಟು ಹಿಗ್ಗಿಸಬೇಕು. ಈ ಕೆಲಸಕ್ಕೇ ಇರೋದು ಫೋನೋ ಪ್ರೀ. ನಿಮಗೆ ನಿಜವಾಗಿ ಬೇಕಾದ ಪ್ರೀ ಇದೊಂದೇ. ಅಂಗಡಿಯವರು ಹೇಳಿದ ಪ್ರೀಯಲ್ಲಿ ಫೋನೋ ಅಂತ ಬರೆದ ತೂತು ಇದೆಯಾ ಅಂತ ಕೇಳಿದ್ರಾ?

ಹಾಂ, ಆ 78ರ ಪ್ಲೇಟುಗಳನ್ನ ಈ ಸೂಜಿಯಲ್ಲಿ ಹಾಕಬೇಡಿ. ಅವುಗಳ ಗೆರೆ ಅಗಲ, ಎಲ್‌ಪಿ ಸೂಜಿ ತೆಳ್ಳಗೆ. ತಳದಲ್ಲಿ ಕೊಸರಾಡಿ ಪ್ಲೇಟೂ ಹಾಳು, ಸೂಜಿಯೂ ಹಾಳು.

ಕ್ಯಾತ್ಸಂದ್ರ ಕೇಳುಗ | ಭಾನುವಾರ ರಾತ್ರಿ

ಸರ್, ಇವತ್ತು ಫೋನ್ ಮಾಡಿ ಕೇಳಿದೆ. ಅವರು ತೋರಿಸಿದ ಪ್ರೀಯಲ್ಲಿ ಫೋನೋ ಇಲ್ಲ. ಅದನ್ನ ತಂದಿದ್ರೆ ಪ್ಲೇಟು ಹಾಕೋಕೆ ಮತ್ತೆ ದುಡ್ಡು ಹಾಕ್ಬೇಕಿತ್ತು. ನೀವು ಹೇಳದಿದ್ರೆ ನಾಳೆ ಮುಂಗಡ ಕೊಟ್ಟುಬಿಡ್ತಿದ್ದೆ.

ಶಿಡ್ಲಘಟ್ಟ ರೇಷ್ಮೆ | ಸೋಮವಾರ

ರಿಪೇರಿ ಅಣ್ಣನ ಲೆಕ್ಕ ಒಪ್ತೀನಿ, ಆದ್ರೆ ಒಂದು ಮಾತಿಗೆ ನನ್ನ ತಕರಾರಿದೆ. ಪ್ರೀ ಅಂದ್ರೆ ವೋಲ್ಟೇಜ್ ಅಷ್ಟೇ ಅಲ್ಲ. ನನ್ನ ಹತ್ರ 6ಜೆ1 ವಾಲ್ವ್ (ಹಳೇ ರೇಡಿಯೋಗಳಲ್ಲಿ ಇರ್ತಿದ್ದಂಥ ಗಾಜಿನ ಕೊಳವೆ) ಹಾಕಿದ ಸಣ್ಣ ಪ್ರೀ ಇದೆ. ಅದನ್ನ ನಡುವೆ ಇಟ್ರೆ ಹಾಡುಗಾರರ ದನಿಗೆ ಒಂದು ತುಂಬು ಬರುತ್ತೆ, ಚೂಪಾಗಿ ಚುಚ್ಚೋ ಸದ್ದು ಮೆತ್ತಗಾಗುತ್ತೆ. ರಾತ್ರಿ ರೀಲಿಂಗ್ ಘಟಕದ ಕೆಲಸ ಮುಗಿಸಿ ಬಂದು ಅರ್ಧ ಗಂಟೆ ಕೇಳ್ತೀನಿ, ಅದೇ ನನ್ನ ವಿಶ್ರಾಂತಿ. ಅದನ್ನ ಯಾವ ಲೆಕ್ಕ ಹಾಕಿ ಬೇಡ ಅಂತೀರಿ?

ಕೋಲಾರ ರೇಡಿಯೋ ರಿಪೇರಿ | ಸೋಮವಾರ

ಬೇಡ ಅನ್ನಲ್ಲ ಸ್ವಾಮಿ. ನೀವು ಕೇಳ್ತಿರೋದು ನಿಜ, ಕಲ್ಪನೆ ಅಲ್ಲ. ವಾಲ್ವು ಮೂಲ ಸ್ವರಕ್ಕೆ ಅದರ ಎರಡರಷ್ಟರ ಸ್ವರವನ್ನ ಚೂರು ಬೆರೆಸುತ್ತೆ. ಅದು ಮೇಲಿನ ಷಡ್ಜವೇ ಆದ್ದರಿಂದ ಕಿವಿಗೆ ಹಿತ. ಆದ್ರೆ ಅದು ಪ್ಲೇಟಿನಲ್ಲಿ ಇಲ್ಲದ್ದು, ನೀವು ಸೇರಿಸ್ಕೊಂಡದ್ದು. ಇಷ್ಟವಾದ್ರೆ ಸೇರಿಸ್ಕೊಳ್ಳಿ. ನಾನು ಹೇಳೋದು ಕ್ರಮದ ಮಾತು. ಸೂಜಿ ಸವೆದಿದ್ರೆ ಮೊದಲು ಸೂಜಿ, ಆಮೇಲೆ ಸ್ಪೀಕರ್, ಆಮೇಲೆ ಫೋನೋ, ಆಮೇಲೆ ಆಂಪ್. ವಾಲ್ವು ಕೊನೆಗೆ. ಕ್ಯಾತ್ಸಂದ್ರದವರ 20 ಸಾವಿರದಲ್ಲಿ ಮೊದಲ ಐದು ಸಾವಿರ ಅದಕ್ಕೆ ಹೋಗಬಾರದು. ತಗೊಳ್ಳೋರು ಇನ್ನೊಂದು ನೋಡ್ಕೊಳ್ಳಿ, ಅಗ್ಗದ ಕೆಲವು ಡಬ್ಬಗಳಲ್ಲಿ ವಾಲ್ವಿನ ಕೆಳಗೆ ಕಿತ್ತಳೆ ಬಣ್ಣದ ಎಲ್‌ಇಡಿ ಇಟ್ಟಿರ್ತಾರೆ. ಆ ಬೆಳಕಿಗೂ ವಾಲ್ವು ಬಿಸಿಯಾಗೋದಕ್ಕೂ ಸಂಬಂಧ ಇಲ್ಲ.

ಶಿಡ್ಲಘಟ್ಟ ರೇಷ್ಮೆ | ಸೋಮವಾರ

ಕ್ರಮದ ಮಾತು ಒಪ್ಪಿದೆ. ನಾನೂ ಸ್ಪೀಕರ್ ಬದಲಾಯಿಸಿದ ಮೇಲೆಯೇ ವಾಲ್ವ್ ತಂದದ್ದು.

ಗುಬ್ಬಿ ಹುಡುಗ | ಸೋಮವಾರ ರಾತ್ರಿ

ನಾನು ಮೊದಲು ಅವಸರದಲ್ಲಿ ಬರೆದೆ, ಈಗ ಸರಿಯಾಗಿ ಹೇಳ್ತೀನಿ. ಕ್ಲಾಸ್ ಡಿ ಡಬ್ಬದ ಮೇಲೆ 300 ವ್ಯಾಟ್ ಅಂತ ಬರೆದಿರುತ್ತೆ. ಅದನ್ನ ನಂಬಬೇಡಿ, ಅಡಾಪ್ಟರ್ ಮೇಲೆ ಬರೆದದ್ದನ್ನ ಓದಿ. ಲೆಕ್ಕ ಸುಲಭ: ಅಡಾಪ್ಟರಿನ ವೋಲ್ಟನ್ನ ಅದರಿಂದಲೇ ಗುಣಿಸಿ, ಸ್ಪೀಕರ್ ಓಮಿನ ಎರಡರಷ್ಟರಿಂದ ಭಾಗಿಸಿ. 24 ವೋಲ್ಟ್ ಅಡಾಪ್ಟರಿಗೆ 24 ಇಂಟು 24, 576. ನಿಮ್ಮದು 6 ಓಮ್, ಅದರ ಎರಡರಷ್ಟು 12. ಭಾಗಿಸಿದ್ರೆ 48 ವ್ಯಾಟ್. ಅದು ಪುಸ್ತಕದ ಲೆಕ್ಕ, ಚಿಪ್ಪಿನ ನಷ್ಟ ಕಳೆದ್ರೆ 40ರ ಹತ್ರ. ಡಬ್ಬದ ಮೇಲಿನ 300 ಬರಬೇಕಂದ್ರೆ 48 ವೋಲ್ಟಿಗಿಂತ ಮೇಲಿನ ಅಡಾಪ್ಟರೂ 4 ಓಮ್ ಸ್ಪೀಕರೂ ಬೇಕು.

ಇನ್ನೂ ಒಂದು ನೋಡ್ಬೇಕು. 24 ವೋಲ್ಟ್ 4 ಆಂಪಿಯರ್ ಅಂತಿದ್ರೆ ಒಟ್ಟು 96 ವ್ಯಾಟ್. ಎರಡೂ ಕಡೆ ಸೇರಿ ಅದಕ್ಕಿಂತ ಜಾಸ್ತಿ ಎಲ್ಲಿಂದ ಬರುತ್ತೆ? ಆದ್ರೆ 12ಕ್ಕೆ 14ರ ಕೋಣೆಗೆ ಇದೇ ಜಾಸ್ತಿ. 86 ಡೆಸಿಬೆಲ್ ಸ್ಪೀಕರಿಗೆ ಒಂದು ವ್ಯಾಟ್ ಕೊಟ್ರೆ ಒಂದು ಮೀಟರ್ ದೂರದಲ್ಲಿ 86. ಹತ್ತು ವ್ಯಾಟಿಗೆ 96. ನಾವು ಮನೆಯಲ್ಲಿ ಮಾತಾಡೋದು 60ರ ಆಸುಪಾಸು.

ಈ ಚಿಪ್ಪುಗಳು ಹೊಸ ಗೀಳು ಅನ್ನೋರಿಗೆ ಒಂದು ಮಾತು. ಟ್ರೈಪಾತ್ ಅನ್ನೋ ಕಂಪನಿಯ ಟಿಎ2020 ಚಿಪ್ಪು 1998ರದು. ಜಗತ್ತನ್ನ ಅಲ್ಲಾಡಿಸಿದ 25 ಚಿಪ್ಪುಗಳು ಅಂತ 2009ರಲ್ಲಿ ಐಇಇಇ ಸ್ಪೆಕ್ಟ್ರಮ್ ಪತ್ರಿಕೆ ಪಟ್ಟಿ ಮಾಡಿದಾಗ ಅದರಲ್ಲಿ ಇದೂ ಇತ್ತು. ಕಂಪನಿ ಕಟ್ಟಿದವರು ಆದ್ಯ ತ್ರಿಪಾಠಿ. ಪ್ರಾಜೆಕ್ಟಿಗೆ ಓದುವಾಗ ನನಗೆ ಇದು ಗೊತ್ತಾಗಿ ತುಂಬಾ ಖುಷಿಯಾಗಿತ್ತು.

ಒಂದು ಎಚ್ಚರಿಕೆ, ನನಗೇ ಆದದ್ದು. ಇವುಗಳಲ್ಲಿ ಸ್ಪೀಕರಿನ ಮೈನಸ್ ಅಂದ್ರೆ ಅರ್ಥ್ ಅಲ್ಲ. ಪ್ಲಸ್ಸಿನ ಹಾಗೆ ಮೈನಸ್ಸೂ ಚಿಪ್ಪಿನಿಂದಲೇ ಬರುತ್ತೆ. ನಮ್ಮ ಮನೆಯಲ್ಲಿ ಹಳೇ ವೈರಿಂಗ್ ಮೂರು ಎಳೆಯದು, ಎರಡು ಪ್ಲಸ್ಸು, ಎರಡೂ ಸ್ಪೀಕರಿಗೆ ಸೇರಿ ಒಂದೇ ಮೈನಸ್ಸು. ಹಳೇ ಆಂಪಿನಲ್ಲಿ ಅದು ನಡೀತಿತ್ತು. ಕ್ಲಾಸ್ ಡಿ ಬೋರ್ಡನ್ನ ಅದಕ್ಕೇ ಸಿಗಿಸಿದೆ, ಒಂದು ಪಟಾಕಿ ಸದ್ದು, ಬೋರ್ಡ್ ಸತ್ತು ಹೋಯ್ತು. ಒಂದೊಂದು ಸ್ಪೀಕರಿಗೂ ಬೇರೆ ಬೇರೆ ಎರಡೆಳೆ ತಂತಿ ಎಳೀರಿ.

ತಿಪಟೂರು ತೆಂಗು | ಮಂಗಳವಾರ

ತೋಟದ ಮನೆಯಲ್ಲಿರೋರು ಇದನ್ನೂ ನೋಡ್ಕೊಳ್ಳಿ. ಸಂಜೆ ಅಕ್ಕಪಕ್ಕದ ಬೋರ್‌ವೆಲ್ ಮೋಟ್ರುಗಳು ಒಟ್ಟಿಗೆ ಶುರುವಾದಾಗ ನಮ್ಮಲ್ಲಿ 170 ವೋಲ್ಟಿಗೆ ಇಳಿಯುತ್ತೆ. ನನ್ನ ಹಳೇ ಟ್ರಾನ್ಸ್‌ಫಾರ್ಮರ್ ಆಂಪ್ ಆಗ ಉಸಿರು ಕಟ್ಟಿದ ಹಾಗೆ ಹಾಡ್ತಿತ್ತು. ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿದ್ರೆ ಅದಕ್ಕೆ ಈ ತೊಂದರೆ ಇಲ್ಲ. ಕರೆಂಟ್ ಹೋದಾಗ ಯುಪಿಎಸ್ಸಿನಲ್ಲಿ ಹಾಡು ಕೇಳೋರು ಸೈನ್ ವೇವ್ ಯುಪಿಎಸ್ ಇಟ್ಕೊಳ್ಳಿ. ಸ್ಕ್ವೇರ್ ವೇವಿನಲ್ಲಿ ಟ್ರಾನ್ಸ್‌ಫಾರ್ಮರ್ ಜೇನುಹುಳದ ಹಾಗೆ ಗುಂಯ್ ಅನ್ನುತ್ತೆ.

ಕೋಲಾರ ರೇಡಿಯೋ ರಿಪೇರಿ | ಮಂಗಳವಾರ

ತಿಪಟೂರಿನವರ ಮಾತು ನೂರಕ್ಕೆ ನೂರು. 230 ಬರೋ ಕಡೆ 170 ಬಂದ್ರೆ ಒಳಗಿನ ಡಿಸಿಯೂ ಅದೇ ಪ್ರಮಾಣದಲ್ಲಿ ಇಳಿದು ಪವರ್ ಹೆಚ್ಚುಕಮ್ಮಿ ಅರ್ಧ ಆಗುತ್ತೆ. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟ್ ತಂದ ಜಿಲ್ಲೆ ನಮ್ಮದು, ಆದ್ರೂ ಹಳ್ಳಿ ಕಡೆ ಸಂಜೆ ವೋಲ್ಟೇಜ್ ಇಳಿಯೋದು ನಿಂತಿಲ್ಲ. ಅದನ್ನ ಲೆಕ್ಕಕ್ಕಿಟ್ಟೇ ಆಂಪ್ ಆರಿಸಬೇಕು.

ಚಿಂತಾಮಣಿ ಸಂಗೀತ ಪಾಠ | ಮಂಗಳವಾರ ರಾತ್ರಿ

ನಾನು ಮಕ್ಕಳಿಗೆ ಸಂಗೀತ ಹೇಳಿಕೊಡುವವಳು. ವ್ಯಾಟು, ಓಮು ನನಗೆ ಅಷ್ಟಾಗಿ ತಿಳಿಯದು, ಆದರೆ ಹಮ್ಮಿಂಗ್ ಬಗ್ಗೆ ಒಂದು ಮಾತು ಹೇಳಲೇಬೇಕು. ಯಾರೂ ಅದನ್ನು ಎತ್ತಿಲ್ಲ.

ನಮ್ಮ ಮನೆಯ ಅಸೆಂಬಲ್ಡ್ ಆಂಪ್ಲಿಫೈಯರಿನಲ್ಲಿ ಒಂದು ಸಣ್ಣ ಗುಂಯ್ ಶಬ್ದ ಸದಾ ಇತ್ತು. ಇರಲಿ ಬಿಡು ಎಂದು ವರ್ಷಗಟ್ಟಲೆ ಕೇಳಿದೆ. ಒಂದು ದಿನ ಒಬ್ಬ ಹುಡುಗಿ, "ಮಿಸ್, ಈ ಹಾಡಿನಲ್ಲಿ ತಂಬೂರಿ ಪಂಚಮ ಯಾಕೋ ಮೇಲಿದೆ" ಎಂದಳು. ಹಾಡು ನಿಲ್ಲಿಸಿದೆ. ಪಂಚಮ ನಿಲ್ಲಲಿಲ್ಲ. ಅದು ತಂಬೂರಿಯಲ್ಲ, ಆಂಪ್ಲಿಫೈಯರು.

ಆಮೇಲೆ ಕೂತು ಲೆಕ್ಕ ಹಾಕಿದೆ. ಕರೆಂಟ್ 50 ಹರ್ಟ್ಜ್, ಅದು ಒಳಗೆ ಡಿಸಿ ಆಗುವಾಗ ಉಳಿಯುವ ಗುಂಯ್ 100 ಹರ್ಟ್ಜ್. ನಮ್ಮ ಶ್ರುತಿಯ ಐದು ಮನೆ (ಹಾರ್ಮೋನಿಯಂನ ಐದನೇ ಬಿಳಿ ಮನೆ) ಮಂದ್ರದಲ್ಲಿ 98 ಹರ್ಟ್ಜ್. ಹಾಗಾಗಿ ಹಮ್ಮಿಂಗ್ ಐದು ಮನೆಗಿಂತ ಒಂದು ಎಳೆ ಏರಿದ ಸ್ವರ. ಐದು ಮನೆ ಶ್ರುತಿಯಲ್ಲಿ ಹಾಡುವ ಹೆಂಗಸರ ಸಂಗೀತ ಹಾಕಿದರೆ ಅದು ಷಡ್ಜದೊಳಗೆ ಅಡಗಿಕೊಳ್ಳುತ್ತದೆ, ತಂಬೂರಿ ಮಾತ್ರ ಕಲಕಿದ ನೀರಿನ ಹಾಗೆ ಕೇಳುತ್ತದೆ. ಒಂದು ಮನೆ ಶ್ರುತಿಯ ಗಂಡಸರ ಹಾಡು ಹಾಕಿದರೆ ಅದೇ ಪಂಚಮದ ಜಾಗದಲ್ಲಿ ಕೂತುಕೊಳ್ಳುತ್ತದೆ, ಸ್ವಲ್ಪ ಅಪಶ್ರುತಿಯಾಗಿ. ಎರಡು ಮನೆಗೆ ಮಧ್ಯಮ. ಪಂಚಮವನ್ನೇ ಬಿಡುವ ರಾಗಕ್ಕೆ ಒಂದು ಮನೆಯ ಶ್ರುತಿಯಲ್ಲಿ ಇದು ಎಷ್ಟು ಅನ್ಯಾಯ ಮಾಡುತ್ತದೆ ಯೋಚಿಸಿ!

ಆದ್ದರಿಂದ ತಮ್ಮಾ, ಆಂಪ್ಲಿಫೈಯರ್ ತೆಗೆದುಕೊಳ್ಳುವ ಮೊದಲು ಹಾಡು ಹಾಕಿ ಕೇಳಬೇಡ. ಹಾಡು ಇಲ್ಲದೆ, ನೀನು ಕೇಳುವ ಮಟ್ಟಕ್ಕೆ ವಾಲ್ಯೂಮ್ ಇಟ್ಟು, ಸ್ಪೀಕರಿಗೆ ಕಿವಿಗೊಟ್ಟು ಸುಮ್ಮನೆ ಕೂತು ಕೇಳು.

ಕೋಲಾರ ರೇಡಿಯೋ ರಿಪೇರಿ | ಮಂಗಳವಾರ ರಾತ್ರಿ

ಅಕ್ಕ, ಮೂವತ್ತು ವರ್ಷದಿಂದ ಹಮ್ಮಿಂಗ್ ತೆಗೀತಿದ್ದೀನಿ, ಅದು ಯಾವ ಸ್ವರ ಅಂತ ಇವತ್ತೇ ಗೊತ್ತಾಗಿದ್ದು. ದೊಡ್ಡ ಉಪಕಾರ ಆಯ್ತು.

ನೀವು ಹೇಳಿದ 100ರದ್ದು ಸಾಮಾನ್ಯವಾಗಿ ಫಿಲ್ಟರ್ ಕೆಪಾಸಿಟರ್ ಒಣಗಿ ಬರೋದು. ಹಳೇ ಸೆಟ್ಟಿನ ಕಾಯಿಲೆ ಅದು. ಕೆಪಾಸಿಟರ್ ಬದಲಾಯಿಸಿದ್ರೆ ಹೋಗುತ್ತೆ, ದೊಡ್ಡ ಖರ್ಚಲ್ಲ. ಇನ್ನೂ ಕೆಳಗಿನ 50ರ ಹಮ್ಮಿಂಗ್ ಬೇರೆ, ಅದು ಅರ್ಥಿಂಗಿನದು. ಟಿವಿಗೆ ಕೇಬಲ್ ತಂತಿ ಬಂದಿರುತ್ತೆ, ಅದಕ್ಕೊಂದು ಅರ್ಥ್. ಆಂಪಿಗೆ ಮನೆಯ ಅರ್ಥ್. ಎರಡರ ನಡುವೆ ಸಣ್ಣ ಕರೆಂಟ್ ಓಡಾಡುತ್ತೆ. ಕೇಬಲ್ ತಂತಿ ಬಿಚ್ಚಿದಾಗ ಗುಂಯ್ ನಿಂತ್ರೆ ಅದೇ ಕಾರಣ. ಆಗ ಟಿವಿಯಿಂದ ಆಪ್ಟಿಕಲ್ ತಂತಿ ತಗೊಂಡು ಡ್ಯಾಕಿಗೆ ಹಾಕಿ. ಅದರಲ್ಲಿ ಬರೀ ಬೆಳಕು ಹೋಗೋದು, ಕರೆಂಟ್ ದಾಟಲ್ಲ. ಯಾರೋ ಹೇಳಿದ್ರು ಅಂತ ತ್ರೀ ಪಿನ್ನಿನ ಅರ್ಥ್ ಪಿನ್ ಮಾತ್ರ ಕತ್ತರಿಸಬೇಡಿ. ಹಮ್ಮಿಂಗ್ ಹೋಗಬಹುದು, ಜೀವಕ್ಕೆ ಅಪಾಯ.

ಕ್ಯಾತ್ಸಂದ್ರ ಕೇಳುಗ | ಮುಂದಿನ ಭಾನುವಾರ

ನಿನ್ನೆ ಬೆಳಿಗ್ಗೆ ರೈಲಿಗೆ ಬೆಂಗಳೂರಿಗೆ ಹೋಗಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್.ಪಿ. ರಸ್ತೆ ಸುತ್ತಿ ಬಂದೆ. ಒಂದು ಕಡೆ ಅಸೆಂಬಲ್ಡ್ ಸೆಟ್ ತೋರಿಸಿ 2000 ವ್ಯಾಟ್ ಪಿಎಂಪಿಒ ಅಂದ್ರು. ಒಳಗಿನ ಟ್ರಾನ್ಸ್‌ಫಾರ್ಮರ್ ಯಾವುದು ಅಂತ ಕೇಳಿದೆ. 12-0-12, 5 ಆಂಪಿಯರ್. ಇದಕ್ಕೆ ಲೆಕ್ಕ ಹೇಗೆ ಹಾಕೋದು ಸರ್?

ತುಮಕೂರಿನ ಶೆಟ್ಟಿಹಳ್ಳಿ ಕಡೆ ಒಬ್ಬರು ಹಳೇ ಜಪಾನ್ ಇಂಟಿಗ್ರೇಟೆಡ್ ಆಂಪ್ 11 ಸಾವಿರಕ್ಕೆ ಕೊಡ್ತೀನಿ ಅಂದಿದ್ದಾರೆ. ಫೋನೋ ಒಳಗೇ ಇದೆ. ನೋಡೋಕೆ ಭಾರೀ ಚೆನ್ನಾಗಿದೆ. ಬುಧವಾರ ಹೋಗ್ತೀನಿ. ಏನೇನು ಪರೀಕ್ಷೆ ಮಾಡಲಿ?

ಕೋಲಾರ ರೇಡಿಯೋ ರಿಪೇರಿ | ಭಾನುವಾರ

ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಪವರ್ ಅಂತ ಹೇಳ್ಕೊಳ್ಳೋ ಅಂಕಿ) ಅನ್ನೋ ಪದ ಕಂಡ ಕೂಡಲೇ ಆ ಅಂಕಿ ಮರೆತುಬಿಡಿ, ಆರ್‌ಎಂಎಸ್, ಅಂದ್ರೆ ಸತತವಾಗಿ ಕೊಡೋ ಪವರ್ ಕೇಳಿ. 12-0-12 ಅಂದ್ರೆ ನಡುವಿನ ತಂತಿಯಿಂದ ಎರಡೂ ಕಡೆ 12 ವೋಲ್ಟ್ ಎಸಿ, ಅದು ಡಿಸಿ ಆದ್ಮೇಲೆ ಆಚೆಗೊಂದು ಈಚೆಗೊಂದು 17 ವೋಲ್ಟ್. ಲೋಡ್ ಬಿದ್ದಾಗ 15. ಟ್ರಾನ್ಸಿಸ್ಟರ್ ಒಳಗೇ ಎರಡು ವೋಲ್ಟ್ ತಿಂದ್ರೆ 13 ಉಳೀತು. ಗುಬ್ಬಿ ಹುಡುಗನ ಲೆಕ್ಕವನ್ನೇ ಹಾಕಿ: 169 ಭಾಗಿಸು 16, ಎಂಟು ಓಮಿಗೆ ಚಾನಲ್ಲಿಗೆ ಹತ್ತೂವರೆ ವ್ಯಾಟ್. ಪ್ರಾಮಾಣಿಕ ಹತ್ತು ವ್ಯಾಟ್ ಕೆಟ್ಟದ್ದಲ್ಲ, ಅದನ್ನ 2000 ಅನ್ನೋದು ಕೆಟ್ಟದ್ದು. ಇನ್ನೊಂದು, 5200 ಮತ್ತು 1943 ಟ್ರಾನ್ಸಿಸ್ಟರ್ ಹಾಕಿದ್ದೀವಿ ಅಂದ್ರೆ ಹುಷಾರು, ಅವುಗಳ ನಕಲಿ ಮಾರುಕಟ್ಟೆಯಲ್ಲಿ ತುಂಬಿದೆ.

ಹಳೇ ಸೆಟ್ಟಿಗೆ ಎರಡು ಪರೀಕ್ಷೆ ತಪ್ಪಿಸಬೇಡಿ. ಬಹಳ ದಿನ ಆನ್ ಮಾಡದೇ ಇದ್ದದ್ದಾದ್ರೆ ಎಲೆಕ್ಟ್ರಿಷಿಯನ್ ಹತ್ರ ಸೀರೀಸ್ ಬೋರ್ಡ್ ಇಸ್ಕೊಂಡು 60 ವ್ಯಾಟಿನ ಹಳೇ ತಂತಿ ಬಲ್ಬ್ ಮೂಲಕ ಆನ್ ಮಾಡಿ. ಬಲ್ಬ್ ಒಂದ್ಸಲ ಮಿನುಗಿ ಮಂಕಾದ್ರೆ ಒಳ್ಳೇದು. ಪೂರಾ ಉರೀತಾನೇ ಇದ್ರೆ ಒಳಗೆ ಶಾರ್ಟ್. ಎರಡನೆಯದು, ಸ್ಪೀಕರ್ ಹಾಕೋ ಮುಂಚೆ, ವಾಲ್ಯೂಮ್ ಸೊನ್ನೆಗಿಟ್ಟು ಮಲ್ಟಿಮೀಟರಿನಲ್ಲಿ ಸ್ಪೀಕರ್ ತೂತಿನ ಡಿಸಿ ನೋಡಿ. 50 ಮಿಲಿವೋಲ್ಟ್ ಒಳಗಿದ್ರೆ ಸರಿ. ವೋಲ್ಟ್ ಲೆಕ್ಕದಲ್ಲಿ ಬಂದ್ರೆ ನಿಮ್ಮ ಸ್ಪೀಕರ್ ಕಾಯಿಲ್ ಸುಟ್ಟು ಹೋಗುತ್ತೆ. ವಾಲ್ಯೂಮ್ ತಿರುಗಿಸಿದಾಗ ಗರಗರ ಅಂದ್ರೆ ಹೆದರಬೇಡಿ, ಕಾಂಟ್ಯಾಕ್ಟ್ ಕ್ಲೀನರಿಗೆ ಹೋಗುತ್ತೆ.

ಕ್ಯಾತ್ಸಂದ್ರ ಕೇಳುಗ | ಬುಧವಾರ ರಾತ್ರಿ

ಹೋಗಿ ಬಂದೆ. ಬಲ್ಬ್ ಪರೀಕ್ಷೆ ಪಾಸು. ಮಲ್ಟಿಮೀಟರ್ ಹಿಡಿದೆ. ಬಲಗಡೆ 22 ಮಿಲಿವೋಲ್ಟ್. ಎಡಗಡೆ 1.8 ವೋಲ್ಟ್. ಎರಡು ಸಲ ಕಡ್ಡಿ ತೆಗೆದು ಹಾಕಿ ನೋಡಿದೆ, ಅಷ್ಟೇ ಬಂತು. ಮಾರೋರಿಗೂ ಅದು ಗೊತ್ತಿರಲಿಲ್ಲ, ಪಾಪ, ತೋರಿಸಿದ್ದಕ್ಕೆ ಥ್ಯಾಂಕ್ಸ್ ಹೇಳಿದ್ರು. ರಿಪೇರಿ ಮಾಡಿಸಿದ ಮೇಲೆ ಹೇಳ್ತೀನಿ ಅಂದಿದ್ದಾರೆ. ಬಿಟ್ಟು ಬಂದೆ.

ಹೊಸ ಇಂಟಿಗ್ರೇಟೆಡ್‌ಗಳಲ್ಲಿ ಯಮಹಾ ಎ-ಎಸ್201, ಡೆನಾನ್ ಪಿಎಂಎ-600ಎನ್‌ಇ ಎರಡರಲ್ಲೂ ಫೋನೋ ಇದೆ ಅಂತ ನೋಡಿದೆ, ಆದ್ರೆ ನನ್ನ ಕೈಗೆ ನಿಲುಕ್ತಿಲ್ಲ. ಹಾಗಾಗಿ ತೀರ್ಮಾನ ಮಾಡಿದೆ: 24 ವೋಲ್ಟ್ ಅಡಾಪ್ಟರಿನ ಕ್ಲಾಸ್ ಡಿ ಆಂಪ್, ಒಂದು ಸಣ್ಣ ಎಂಎಂ ಫೋನೋ ಬಾಕ್ಸ್, ಹೊಸ ಸೂಜಿ. ಎಲ್ಲಾ ಸೇರಿ 15,400. ಸೆಲೆಕ್ಟರ್ ಸ್ವಿಚ್ಚಿಗೂ ಸ್ಪೀಕರ್ ತಂತಿಗೂ ಇನ್ನೊಂದು ಸಾವಿರ.

ಕ್ಯಾತ್ಸಂದ್ರ ಕೇಳುಗ | ಹತ್ತು ದಿನದ ನಂತರ

ಎಲ್ಲಾ ಬಂತು, ಜೋಡಿಸಿದೆ. ಮೊದಲ ರಾತ್ರಿ ಟಿವಿ ಫೋನು ಎರಡೂ ಚೆನ್ನಾಗಿತ್ತು, ಪ್ಲೇಟಿಗೆ ಹಾಕಿದ್ರೆ ಜೋರು ಹಮ್ಮಿಂಗ್. ಮೇಡಂ ಹೇಳಿದ ಹಾಗೆ ಸುಮ್ನೆ ಕೂತು ಕೇಳಿದೆ, ಬರೀ ಅದೇ ತುಂಬಿತ್ತು. ಆಮೇಲೆ ನೋಡಿದ್ರೆ ಟರ್ನ್‌ಟೇಬಲ್ಲಿನಿಂದ ಎರಡು ತಂತಿಯ ಜೊತೆ ಬಂದಿದ್ದ ತೆಳ್ಳನೆಯ ಹಸಿರು ತಂತಿ ನೆಲಕ್ಕೆ ನೇತಾಡ್ತಿತ್ತು. ಅದನ್ನ ಫೋನೋ ಬಾಕ್ಸಿನ ಅರ್ಥ್ ತಿರುಪಿಗೆ ಬಿಗಿದೆ. ಮುಕ್ಕಾಲು ಪಾಲು ಹೋಯ್ತು. ಫೋನೋ ಬಾಕ್ಸ್ ಅಡಾಪ್ಟರ್ ಮೇಲೇ ಕೂತಿತ್ತು, ಎರಡಡಿ ದೂರ ಸರಿಸಿದೆ. ಉಳಿದದ್ದೂ ಹೋಯ್ತು. ಪ್ಲೇಟಿಗೆ ನಾಬನ್ನ ಫೋನಿಗಿಂತ ಜಾಸ್ತಿ ತಿರುಗಿಸಬೇಕು, ರಿಪೇರಿ ಸರ್ ಲೆಕ್ಕ ಓದಿದ್ರಿಂದ ಅದು ದೋಷ ಅಲ್ಲ ಅಂತ ಗೊತ್ತಿತ್ತು.

ಒಂದು ಅನುಮಾನ. ಅಪ್ಪ ಕೆಲವು ಕವರ್ ಮೇಲೆ ಬಾಲ್ ಪೆನ್ನಿನಲ್ಲಿ "ಬೇಸ್ 4, ಟ್ರೆಬಲ್ 1" ಅಂತೆಲ್ಲ ಬರೆದಿದ್ದಾರೆ. ಹಾಗೇ ಇಟ್ರೆ ಮೃದಂಗ ಡಬಡಬ ಅಂತ ಹಾಡೆಲ್ಲ ನುಂಗುತ್ತೆ. ಅಪ್ಪನ ಕಿವಿ ಅಷ್ಟು ಚೆನ್ನಾಗಿತ್ತಲ್ಲ, ಯಾಕೆ ಹೀಗೆ? ಅವರ ಕಾಲಕ್ಕೆ ಫೋನೋ ಪ್ರೀ ಅಂತ ಇರಲೂ ಇಲ್ಲವಲ್ಲ?

ಕೋಲಾರ ರೇಡಿಯೋ ರಿಪೇರಿ | ಅದೇ ರಾತ್ರಿ

ನಿಮ್ಮಪ್ಪನ ಕಿವಿ ಸರಿಯಾಗೇ ಇತ್ತು. ಆ ಕಾಲದ ರೇಡಿಯೋಗ್ರಾಂಗಳಲ್ಲಿ ಹೆಚ್ಚಾಗಿ ಸೆರಾಮಿಕ್ ಕಾರ್ಟ್ರಿಜ್ ಇರ್ತಿತ್ತು. ಅದು ನೂರಾರು ಮಿಲಿವೋಲ್ಟ್ ಕೊಡುತ್ತೆ, ಏರುತಗ್ಗನ್ನೂ ತಕ್ಕಮಟ್ಟಿಗೆ ತಾನೇ ಸಮ ಮಾಡ್ಕೊಳ್ಳುತ್ತೆ. ಅದಕ್ಕೇ ಫೋನೋ ಪ್ರೀ ಬೇಕಿರಲಿಲ್ಲ. ಪೂರಾ ಸಮ ಆಗ್ತಿರಲಿಲ್ಲ, ಒಂದೊಂದು ಪ್ಲೇಟಿಗೆ ಒಂದೊಂದು ಥರ ಕೇಳ್ತಿತ್ತು. ನಿಮ್ಮಪ್ಪ ಪ್ರತಿ ಪ್ಲೇಟನ್ನೂ ಕೂತು ಕೇಳಿ, ಆ ಸೆಟ್ಟಿಗೆ ಎಷ್ಟು ಬೇಕೋ ಅಷ್ಟು ಬರೆದಿಟ್ಟಿದ್ದಾರೆ. ಆ ಕೆಲಸ ಈಗ ನಿಮ್ಮ ಫೋನೋ ಬಾಕ್ಸ್ ಮಾಡ್ತಿದೆ. ಬೇಸ್, ಟ್ರೆಬಲ್ ಎರಡೂ ನಡುವೆ ಇಟ್ಟು ಕೇಳಿ.

ಚಿಂತಾಮಣಿ ಸಂಗೀತ ಪಾಠ | ಮಾರನೇ ದಿನ

ಹಮ್ಮಿಂಗ್ ಹೋಯಿತೆಂದು ಓದಿ ಸಮಾಧಾನವಾಯಿತು. ಜೋಶಿಯವರ ಪ್ಲೇಟು ಹಾಕಿ, ಅವರು ಹಾಡು ಎತ್ತಿಕೊಳ್ಳುವ ಮೊದಲಿನ ಕೆಲವು ಕ್ಷಣ ಕೇಳಿ ಹೇಳು ತಮ್ಮಾ, ಏನು ಕೇಳಿಸಿತು ಎಂದು.

ಕ್ಯಾತ್ಸಂದ್ರ ಕೇಳುಗ | ಮಾರನೇ ದಿನ ರಾತ್ರಿ

ಈಗಷ್ಟೇ ಕೇಳಿದೆ ಮೇಡಂ. ಬೇಸ್, ಟ್ರೆಬಲ್ ಎರಡೂ ನಡುವೆ. ಮೊದಲು ಸೂಜಿ ಇಳಿದ ಸದ್ದು, ಆಮೇಲೆ ಏನೂ ಇಲ್ಲ, ಆಮೇಲೆ ತಂಬೂರಿ. ಎರಡು ತಂಬೂರಿ ಇವೆ, ಎಡಕ್ಕೊಂದು, ಬಲಕ್ಕೊಂದು. ಚಿಕ್ಕಂದಿನಿಂದ ಈ ಪ್ಲೇಟು ಕೇಳಿದ್ದೀನಿ, ಒಂದೇ ಅಂತ ತಿಳಿದಿದ್ದೆ. ಅಮ್ಮ ಪಕ್ಕದ ಕೋಣೆಯಿಂದ ಎದ್ದು ಬಂದು ಕೂತಿದ್ದಾರೆ. ಇನ್ನೊಂದು ಬದಿ ಹಾಕು ಅಂತಿದ್ದಾರೆ.